ಕನ್ನಡಕ ಕೇಳಿದವನಿಗೆ ಚಂದ್ರ

ಮಿದುಳಿನ ಸಂಕೇತಗಳಿಂದ ಓಡುವ ಗಾಲಿಕುರ್ಚಿಯ ಬಗ್ಗೆ ಬರುವ ಬರಹಗಳಲ್ಲಿ ‘ಮನಸ್ಸಿನಲ್ಲಿ ನೆನೆದರೆ ಸಾಕು’ ಎಂಬ ಮಾತು ಮತ್ತೆ ಮತ್ತೆ ಕಾಣಿಸುತ್ತದೆ. ಕೇಳಲು ಪುಷ್ಪಕ ವಿಮಾನದ ಕತೆಯಂತಿದೆ. ನನ್ನ ತಕರಾರು ಇರುವುದು ಆ ‘ಸಾಕು’ ಎಂಬ ಪದದ ಬಗ್ಗೆ. ಅದನ್ನು ಅನುಮಾನಿಸಲು ಕಲಿಸಿದ್ದು ಒಂದು ಫ್ರೆಂಚ್ ಪುಸ್ತಕ.

ಜಾನ್-ಡೊಮಿನಿಕ್ ಬೋಬಿ ‘ಎಲ್’ ಪತ್ರಿಕೆಯ ಸಂಪಾದಕ. 1995ರ ಡಿಸೆಂಬರಿನಲ್ಲಿ ಪಾರ್ಶ್ವವಾಯು ಬಡಿದು ಅವನ ದೇಹ ಹೆಚ್ಚುಕಡಿಮೆ ಪೂರ್ತಿ ಸ್ತಬ್ಧವಾಯಿತು; ಪ್ರಜ್ಞೆ ಮಾತ್ರ ಮುಕ್ಕಾಗಲಿಲ್ಲ. ಎದುರಿಗಿದ್ದವರು ಅಕ್ಷರಗಳನ್ನು ಒಂದೊಂದಾಗಿ ಹೇಳಬೇಕು, ಬೇಕಾದದ್ದು ಬಂದಾಗ ಅವನು ಎಡಗಣ್ಣಿನ ರೆಪ್ಪೆ ಮಿಟುಕಿಸಬೇಕು. ಹಾಗೆ ಬರೆಸಿದ್ದೇ ಇಂಗ್ಲಿಷಿನಲ್ಲಿ ‘ದಿ ಡೈವಿಂಗ್ ಬೆಲ್ ಅಂಡ್ ದಿ ಬಟರ್‌ಫ್ಲೈ’ ಎಂದು ಹೆಸರಾದ ಪುಸ್ತಕ. 1997ರಲ್ಲಿ ಅದು ಪ್ರಕಟವಾದ ಕೆಲವೇ ದಿನಗಳಲ್ಲಿ ಬೋಬಿ ತೀರಿಕೊಂಡ.

ಪುಸ್ತಕದಲ್ಲಿ ಗಾಲಿಕುರ್ಚಿಯ ಪ್ರಸಂಗವೊಂದಿದೆ. ಆಸ್ಪತ್ರೆಯವರಿಗೆ ಪ್ರಗತಿ ಎನಿಸಿದ್ದು ಅವನಿಗೆ ತೀರ್ಪಿನಂತೆ ಕೇಳಿಸುತ್ತದೆ. ಇನ್ನೊಂದು ಕಡೆ ಅವನು ಕನ್ನಡಕ ಕೇಳಹೊರಡುತ್ತಾನೆ. ಫ್ರೆಂಚಿನಲ್ಲಿ ಅದು ‘ಲುನೆಟ್’. ಮೊದಲ ಅಕ್ಷರಗಳಿಗೇ ‘ಲುನ್’, ಅಂದರೆ ಚಂದ್ರ ಎಂದುಕೊಂಡವರು, ಚಂದ್ರನನ್ನು ಕಟ್ಟಿಕೊಂಡು ಏನು ಮಾಡುತ್ತೀರಿ ಎಂದು ಕೇಳುತ್ತಾರೆ. ನಗು ಬರುತ್ತದೆ, ಮರುಕ್ಷಣ ಗಂಟಲು ಕಟ್ಟುತ್ತದೆ.

ಈಗ ಕುರ್ಚಿಗೆ ಬರೋಣ. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೈಕಾಲುಗಳ ಸ್ವಾಧೀನ ತಪ್ಪಿದ ಮೂವರು ವಿದ್ಯುದ್ವಾರಗಳ ಟೋಪಿ ಧರಿಸಿ ಇಂಥ ಕುರ್ಚಿ ನಡೆಸಲು ಕಲಿತರು. ಒಂದು ಕಡೆ ತಿರುಗಲು ಎರಡೂ ಕೈಗಳನ್ನು, ಇನ್ನೊಂದು ಕಡೆಗೆ ಎರಡೂ ಕಾಲುಗಳನ್ನು ಆಡಿಸುವುದಾಗಿ ಕಲ್ಪಿಸಿಕೊಳ್ಳಬೇಕು. ತಿಂಗಳುಗಟ್ಟಲೆ ಅಭ್ಯಾಸ ಮಾಡಿದರೂ ಚೆನ್ನಾಗಿ ಪಳಗಿದವರು ಇಬ್ಬರೇ. ‘ಕಿಟಕಿಯ ಹತ್ತಿರ ಹೋಗಬೇಕು’ ಎಂಬ ಆಸೆಯನ್ನು ಯಂತ್ರ ಓದುವುದಿಲ್ಲ. ತಲೆಬುರುಡೆ ದಾಟಿ ಬರುವ ಕ್ಷೀಣ ಸಂಕೇತದಿಂದ ‘ಎಡವೋ ಬಲವೋ’ ಎಂದು ಊಹಿಸುತ್ತದೆ, ಅಷ್ಟೇ. ಉಳಿದದ್ದನ್ನು ಸೆನ್ಸರ್‌ಗಳೂ ಸಾಫ್ಟ್‌ವೇರೂ ತುಂಬಿಕೊಡುತ್ತವೆ.

ಅಂದರೆ ಕುರ್ಚಿಯೂ ಸವಾರನ ಮಾತನ್ನು ಅರ್ಧಕ್ಕೇ ಹಿಡಿದು ಪೂರ್ತಿ ಮಾಡುತ್ತದೆ. ಗೋಡೆಯ ಮೇಲಿನ ಚಿತ್ರ ನೋಡಲು ಹತ್ತಿರ ಹೋಗುವವನನ್ನು, ಗೋಡೆ ಅಡ್ಡವಿದೆ ಎಂದು ತಿರುಗಿಸಿಬಿಟ್ಟರೆ? ಅದೂ ಚಂದ್ರನನ್ನು ಕೊಟ್ಟ ಹಾಗೆಯೇ.

ಊಹೆಯೇ ಬೇಡ ಎನ್ನಲಾಗದು. ಹೆಜ್ಜೆ ಹೆಜ್ಜೆಗೂ ತಾನೇ ಸಂಕೇತ ಕೊಡಬೇಕಾದರೆ ಸವಾರ ದಣಿದುಹೋಗುತ್ತಾನೆ. ಆದರೆ ಬೋಬಿಗೆ ‘ಅಲ್ಲ’ ಎನ್ನಲು ದಾರಿಯಿತ್ತು: ಒಂದು ಮಿಟುಕು ಹೌದು, ಎರಡು ಮಿಟುಕು ಅಲ್ಲ. ಕುರ್ಚಿ ಎಷ್ಟು ಚೆನ್ನಾಗಿ ಓಡಿತು ಎಂಬುದರ ಜೊತೆಗೆ, ಸವಾರ ಅದಕ್ಕೆ ಎಷ್ಟು ಸುಲಭವಾಗಿ ‘ಅಲ್ಲ’ ಎನ್ನಬಲ್ಲ ಎಂದೂ ಕೇಳಬೇಕು.

ಓದುಗರಾದ ನಾವೂ ಇದರಿಂದ ಹೊರತಲ್ಲ. ಬೋಬಿ ಎಷ್ಟು ಸಲ ರೆಪ್ಪೆ ಮಿಟುಕಿಸಿದ ಎಂಬ ಲೆಕ್ಕಕ್ಕೆ ಬೆರಗಾಗುತ್ತೇವೆ; ಅವನ ವ್ಯಂಗ್ಯ, ಸಿಟ್ಟು, ತಿಂಡಿಪೋತತನದ ನೆನಪುಗಳನ್ನು ಬೇಗ ದಾಟಿಬಿಡುತ್ತೇವೆ. ಅವನು ಕೇಳಿದ್ದು ಬೆರಗನ್ನಲ್ಲ. ಪದ ಮುಗಿಯುವವರೆಗೆ ಕಾಯುವ ಓದುಗನನ್ನು.