ರಾಣಿಗೆ ಮೂರು ಎರಿಯ ಮನೆ

ಮಳೆ ಹಿಂದೆ ಸರಿದು ಪೆಟ್ಟಿಗೆಯಲ್ಲಿ ಗಂಡು ನೊಣಗಳು ಕಾಣಿಸಿಕೊಂಡವೆಂದರೆ, ಮಲೆನಾಡಿನಲ್ಲೂ ಕರಾವಳಿಯಲ್ಲೂ ತುಡುವೆ ಜೇನು ಸಾಕುವವರ ಮಾತು ಪಾಲಿನ ಕಡೆ ಹೊರಳುತ್ತದೆ. ಯಾವ ಸಂಸಾರ ಪಾಲಾಗಲು ಹೊರಟಿದೆ, ಯಾವುದರಲ್ಲಿ ಎಷ್ಟು ರಾಣಿ ಕೋಶ ತೂಗುತ್ತಿವೆ ಎಂಬುದೇ ವಿಚಾರ. ಒಂದು ಕೋಶ ಉಳಿಸಿಕೊಂಡು ಮಿಕ್ಕವನ್ನು ಚಿವುಟಿ ಎಸೆಯುವುದು ರೂಢಿ. ಒಳ್ಳೆಯ ಸಂಸಾರದ ಕೋಶ ಹಾಗೆ ನೆಲಕ್ಕೆ ಬೀಳುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಪಕ್ಕದಲ್ಲಿ ಎರಡು ಮೂರು ಎರಿಯ ಕಿರುಪೆಟ್ಟಿಗೆಗಳು ಸಿದ್ಧವಿದ್ದಿದ್ದರೆ ಅವುಗಳಲ್ಲಿ ಹಲವು ಕೋಶಗಳು ತಿಂಗಳೊಳಗೆ ಮೊಟ್ಟೆಯಿಡುವ ರಾಣಿಗಳಾಗುತ್ತಿದ್ದವು.

ಮೊಟ್ಟೆಯಿಟ್ಟ ಸುಮಾರು 16ನೇ ದಿನಕ್ಕೆ ಕೋಶದ ತುದಿ ಕತ್ತರಿಸಿ ಹೊರಬರುವ ಕನ್ಯೆ ರಾಣಿ ಇನ್ನೂ ಐದಾರು ದಿನ ಬಲಿಯಬೇಕು. ಆಮೇಲೆ ಹೊರಗೆ ಹಾರಿ ಹತ್ತಾರು ಗಂಡು ನೊಣಗಳೊಂದಿಗೆ ಕೂಡಬೇಕು. ಗೂಡಿನೊಳಗೆ ಅದು ನಡೆಯುವುದೇ ಇಲ್ಲ. ಕಣ್ಣು ಕಾಣದ ಜಿನೀವಾದ ಫ್ರಾನ್ಸ್ವಾ ಹ್ಯೂಬರ್ ತಮ್ಮ ಸಹಾಯಕನ ಕಣ್ಣಿನಿಂದ ಇದನ್ನೆಲ್ಲ ಪರೀಕ್ಷಿಸಿ 1792ರಲ್ಲಿ ಬರೆದಿಟ್ಟರು. ಕೆಲವೇ ಹಾರಾಟಗಳಲ್ಲಿ ತುಂಬಿಕೊಂಡ ವೀರ್ಯವೇ ರಾಣಿಗೆ ಜೀವಮಾನವಿಡೀ ಸಾಕು. ಹೀಗೆ ರಾಣಿ ಸಿದ್ಧವಾಗುವ ಎರಡು ವಾರ ಗೂಡಿನಲ್ಲಿ ಹೊಸ ಮೊಟ್ಟೆ ಬೀಳುವುದಿಲ್ಲ. ತುಂಬಿದ ಸಂಸಾರವೊಂದು, ಅದೂ ಜೇನಿನ ಹಂಗಾಮು ಎದುರಿಗಿರುವಾಗ, ಈ ನಷ್ಟವನ್ನು ಯಾಕೆ ಹೊರಬೇಕು? ಬೆರಳೆಣಿಕೆಯ ಎರಿಗಳ ಕಿರುಪೆಟ್ಟಿಗೆ ಹೊತ್ತರೆ ಸಾಕು. ಕನ್ಯೆಗೆ ಬೇಕಾಗುವುದು ಬೆಚ್ಚನೆಯ ಆಸರೆ, ಉಣಿಸುವ ಎಳೆಯ ನೊಣಗಳು, ಹೋಗಿಬರಲು ಒಂದು ಬಾಗಿಲು.

ಯುರೋಪಿನವರು ಈ ಪೆಟ್ಟಿಗೆಯನ್ನು ಅಂಗೈ ಅಳತೆಗೆ ಹತ್ತಿರ ಇಳಿಸಿದ್ದಾರೆ. ಅಪಿಡಿಯಾ, ಕೀಲರ್ ಎಂಬ ಹೆಸರಿನ ಥರ್ಮೋಕೋಲ್ ಮಾದರಿಯ ಪುಟಾಣಿ ಪೆಟ್ಟಿಗೆಗಳಿಗೆ ಒಂದು ದೊಡ್ಡ ಲೋಟದಷ್ಟು ನೊಣ ಸುರಿದರೆ ಅವರ ಕೆಲಸ ಆಯಿತು. ಜರ್ಮನಿಯಲ್ಲಿ ಒಂದೇ ಎರಿಯ, ಗಾಜಿನ ಗೋಡೆಯ ಪೆಟ್ಟಿಗೆಗಳನ್ನು ಉತ್ತರ ಸಮುದ್ರದ ದ್ವೀಪಗಳಿಗೆ ಒಯ್ಯುತ್ತಾರೆ. ಬೇರೆ ತಳಿಯ ಗಂಡು ನೊಣ ಅಲ್ಲಿಗೆ ಹಾರಿ ಬರಲಾರದು. ಇಂಗ್ಲೆಂಡಿನ ಬಕ್‌ಫಾಸ್ಟ್ ಮಠದ ಬ್ರದರ್ ಆಡಮ್ 1925ರಲ್ಲಿ ಡಾರ್ಟ್‌ಮೂರ್ ಎಂಬ ಬರಡು ಬಯಲನ್ನು ಆರಿಸಿಕೊಂಡದ್ದೂ ಇದೇ ಕಾರಣಕ್ಕೆ.

ಆ ಪುಟಾಣಿಗಳ ಮೇಲೆ ನನಗೆ ಗೌರವವಿದೆ. ಆದರೆ ನಮ್ಮ ತುಡುವೆಗೆ ಅವನ್ನು ತರಬೇಡಿ ಎಂದೇ ಹೇಳುತ್ತೇನೆ. ಅವು ಮೆಲ್ಲಿಫೆರಾ ಜಾತಿಗೆ ಮಾಡಿದವು. ತುಡುವೆಯ ಸ್ವಭಾವ ಬೇರೆ. ಮರಿಯಿಲ್ಲ, ಆಹಾರ ಸಾಲದು, ಇರುವೆ ಕಾಟ ಎಂದಾದರೆ ಗೂಡು ಬಿಟ್ಟು ಹೊರಟೇಬಿಡುತ್ತದೆ. ರಾಣಿಯಿಲ್ಲದೆ ಕೆಲವು ದಿನ ಕಳೆದರೆ ಕೆಲಸಗಾರ ನೊಣಗಳೇ ಮೊಟ್ಟೆಯಿಡಲು ತೊಡಗುತ್ತವೆ, ಮೆಲ್ಲಿಫೆರಾಕ್ಕಿಂತ ಬಹಳ ಬೇಗ. ಲೋಟದಷ್ಟು ನೊಣವನ್ನು ಮರಿಯಿಲ್ಲದ ಹೊಸ ಪೆಟ್ಟಿಗೆಗೆ ಸುರಿದರೆ ಮರುದಿನ ಪೆಟ್ಟಿಗೆ ಮಾತ್ರ ಉಳಿದಿದ್ದರೂ ಆಶ್ಚರ್ಯವಿಲ್ಲ. ಅದಕ್ಕೇ ನಮ್ಮ ಕಿರುಪೆಟ್ಟಿಗೆಯಲ್ಲಿ ಚೌಕಟ್ಟಿನ ಅಳತೆ ತಗ್ಗಬಾರದು, ಸಂಖ್ಯೆ ಮಾತ್ರ ತಗ್ಗಬೇಕು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ತಿರುಚಿರಾಪಳ್ಳಿಯ ಪಾದ್ರಿ ನ್ಯೂಟನ್ ತುಡುವೆಗೆಂದೇ ರೂಪಿಸಿದ ಪೆಟ್ಟಿಗೆಯ ಚೌಕಟ್ಟೇ ನಮಗೆ ಸರಿ. ಮೂರು ಚೌಕಟ್ಟು ಹಿಡಿಸುವ ಪೆಟ್ಟಿಗೆಯನ್ನು ಊರಿನ ಬಡಗಿಯೇ ಮಾಡಿಕೊಡುತ್ತಾನೆ. ಹಳೆಯ ಸಂಸಾರ ಕೋಣೆಗೆ ನಡುವೆ ನುಸುಳಲು ಸಂದಿಲ್ಲದಂತೆ ಹಲಗೆ ಕೂರಿಸಿ, ಎರಡು ಬದಿಗೆ ಎರಡು ಬಾಗಿಲು ಕೊರೆದರೂ ನಡೆಯುತ್ತದೆ.

ತುಂಬುವಾಗ ಮುಚ್ಚಿದ ಮರಿಯ ಎರಿಯೊಂದು, ಜೇನು ಪರಾಗ ಇರುವ ಎರಿಯೊಂದು, ಮೈತುಂಬ ನೊಣಗಳ ಸಮೇತ ಇರಲಿ. ಮೊಟ್ಟೆ, ಎಳೆ ಪುಳು ಇರುವ ಎರಿ ಬೇಡ. ಅದರಿಂದ ಅವು ತಮ್ಮದೇ ಬೇರೆ ರಾಣಿ ಎಬ್ಬಿಸಲು ಹೊರಡುತ್ತವೆ. ಹಳೆಯ ನೊಣಗಳು ಹೇಗೂ ತಾಯಿಗೂಡಿಗೆ ಮರಳುತ್ತವೆಯಾದ್ದರಿಂದ ಇನ್ನೊಂದು ಮರಿಯೆರಿಯ ಎಳೆಯ ನೊಣಗಳನ್ನು ಕೊಡವಿ ಸೇರಿಸುವುದು ಕ್ಷೇಮ. ಬಾಗಿಲು ಒಂದೆರಡು ನೊಣ ನುಸುಳುವಷ್ಟಿದ್ದರೆ ಸಾಕು. ದೊಡ್ಡದಾದರೆ ಕಳ್ಳನೊಣಗಳ ಲೂಟಿ ತಪ್ಪದು. ಸಕ್ಕರೆ ಪಾಕ ಕೊಡುವುದು ಸಂಜೆ, ಪೆಟ್ಟಿಗೆಯ ಒಳಗೆ, ಹನಿ ಹೊರಗೆ ಚೆಲ್ಲದಂತೆ. ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು ಇರಲೇಬೇಕು.

ಕೋಶದ ತುದಿಯ ಮೇಣವನ್ನು ನೊಣಗಳು ಕೆರೆದು ಒಳಗಿನ ಕಂದು ಪೊರೆ ಕಂಡಿತೆಂದರೆ ಅದು ಬಲಿತಿದೆ. ಎರಿಯ ತುಂಡಿನ ಸಮೇತ ಕತ್ತರಿಸಿ, ಮೂತಿ ಕೆಳಗೆ ಇರುವಂತೆಯೇ ಹಿಡಿದು, ಎಲ್ಲೂ ಕುಲುಕದೆ ಮರಿಯೆರಿಗೆ ಅಂಟಿಸಬೇಕು. ಯಾವ ಸಂಸಾರದ ಕೋಶ ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ. 1991-92ರ ಸುಮಾರಿಗೆ ದಕ್ಷಿಣ ಭಾರತಕ್ಕೆ ಹಬ್ಬಿದ ಥಾಯ್ ಸ್ಯಾಕ್‌ಬ್ರೂಡ್ ರೋಗ ತುಡುವೆಯ ಬಹುಪಾಲು ಸಂಸಾರಗಳನ್ನು ನುಂಗಿತು. ಇಂದು ನಮ್ಮ ಪೆಟ್ಟಿಗೆಗಳಲ್ಲಿರುವುದು ಅದನ್ನು ದಾಟಿ ಉಳಿದವುಗಳ ಸಂತತಿ. ಆಚೀಚೆಯ ಪೆಟ್ಟಿಗೆಗಳಲ್ಲಿ ಪುಳು ಸಾಯುವಾಗಲೂ ಮರಿ ಕೆಡದೆ ನಿಂತ ಸಂಸಾರ ಇದ್ದರೆ ಅದರ ಕೋಶವೇ ಬೇಕು. ವರ್ಷಕ್ಕೆ ನಾಲ್ಕು ಬಾರಿ ಪಾಲಾಗುವ ಸಂಸಾರದ್ದು, ಎಷ್ಟೇ ಕೋಶ ಕಟ್ಟಲಿ, ನನಗೆ ಬೇಡ.

ಪೆಟ್ಟಿಗೆಗಳನ್ನು ಸಾಲಾಗಿ ಒಂದೇ ದಿಕ್ಕಿಗೆ ಇಟ್ಟರೆ ಹಾರಿ ಮರಳುವ ರಾಣಿ ಪಕ್ಕದ ಮನೆಗೆ ನುಗ್ಗಿ ಸಾಯುತ್ತಾಳೆ. ಅಡಿಕೆ ಮರದ ಬುಡ, ಬೇಲಿಯ ಮೂಲೆ, ಬಾವಿಕಟ್ಟೆಯ ಹಿಂದೆ ಎಂದು ಚದುರಿಸಿ, ಬಾಗಿಲುಗಳನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸಿ. ಮುಂಭಾಗಕ್ಕೆ ನೀಲಿ, ಹಳದಿ, ಬಿಳಿ ಬಣ್ಣ ಬಳಿಯಿರಿ. ಕೆಂಪು ಬಣ್ಣ ಜೇನ್ನೊಣಕ್ಕೆ ಕಾಣುವುದಿಲ್ಲ.

ಶ್ರೀಲಂಕಾದಲ್ಲಿ ನಡೆದು 1976ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಕಸುಬಿನಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು. ಒಂದೇ ಊರಿನ ಆಕಾಶವನ್ನು ಮೂರು ಜಾತಿಯ ಗಂಡು ನೊಣಗಳು ಹೊತ್ತಿನಿಂದ ಹಂಚಿಕೊಂಡಿರುವುದನ್ನು ಅದು ತೋರಿಸಿತು. ಕೋಲುಜೇನು ಮಧ್ಯಾಹ್ನ 12ರಿಂದ 2.30, ತುಡುವೆ ಸಂಜೆ 4.15ರಿಂದ 5.15, ಹೆಜ್ಜೇನು 6ರಿಂದ 6.45. ಮೂರೂ ಜಾತಿಯ ರಾಣಿಯರು ಗಂಡನ್ನು ಸೆಳೆಯುವ ಮುಖ್ಯ ವಾಸನೆ ಒಂದೇ. ಬೆರೆಯದಂತೆ ಕಾಯುವುದು ಗಡಿಯಾರ! ನಮ್ಮಲ್ಲಿ ನಿಮಿಷ ಆಚೀಚೆಯಾದೀತು. ಆದರೆ ಕೋಶ ಒಡೆದ ಮೇಲಿನ ದಿನಗಳಲ್ಲಿ ಮಧ್ಯಾಹ್ನದ ನಂತರ ಕಿರುಪೆಟ್ಟಿಗೆಯ ಮುಚ್ಚಳ ಎತ್ತಬೇಡಿ, ಎದುರಿಗೆ ನಿಲ್ಲಲೂ ಬೇಡಿ. ಅದೇ ಹೊತ್ತಿಗೆ ತಂತಿಯ ಮೇಲೆ ಕಳ್ಳಿಪೀರಗಳೂ ಕಾಜಾಣಗಳೂ ಕೂತಿರುತ್ತವೆ. ಹೋದ ರಾಣಿಗಳಲ್ಲಿ ಕೆಲವು ಮರಳುವುದಿಲ್ಲವೆಂದು ಮೊದಲೇ ಲೆಕ್ಕ ಹಿಡಿದು ಒಂದೆರಡು ಪೆಟ್ಟಿಗೆ ಹೆಚ್ಚಿಗೆ ಕಟ್ಟುವುದು ಜಾಣತನ. ವಾಯುಭಾರ ಕುಸಿತವಾಗಿ ವಾರವಿಡೀ ಮೋಡ ಮುಚ್ಚಿದರೆ ಕಾಯದೆ ಬೇರೆ ದಾರಿಯಿಲ್ಲ. ಮೂರು ನಾಲ್ಕು ವಾರ ಹಾರಲಾಗದೆ ಉಳಿದ ಕನ್ಯೆ ಬರೀ ಗಂಡು ಮೊಟ್ಟೆ ಇಡುತ್ತಾಳೆ.

ಕೋಶ ಕೊಟ್ಟು ಎರಡು ವಾರವಾದ ಮೇಲೆ ಬೆಳಗಿನ ಹೊತ್ತು ನೋಡಿ. ಕಣದ ತಳದಲ್ಲಿ ಒಂದೊಂದೇ ಮೊಟ್ಟೆ ನಿಂತಿದ್ದರೆ ಶುಭ. ಗೋಡೆಗೆ ಅಂಟಿದಂತೆ ಮೂರು ನಾಲ್ಕು ಮೊಟ್ಟೆ ಕಂಡರೆ ಅದು ಕೆಲಸಗಾರ ನೊಣಗಳ ಕಾರುಬಾರು. ಮೊಟ್ಟೆ ಕಂಡೊಡನೆ ರಾಣಿಯನ್ನು ಎತ್ತಿ ಮಾರುವ ಆತುರ ಈಚೆಗೆ ಹೆಚ್ಚಿದೆ, ಅದು ನನಗೆ ಒಪ್ಪಿಗೆಯಿಲ್ಲ. ಇನ್ನೂ ಹತ್ತು ದಿನ ಬಿಟ್ಟು ಮುಚ್ಚಿದ ಮರಿ ನೋಡಿ. ಮುಚ್ಚಳ ಚಪ್ಪಟೆಯಾಗಿ, ನಡುವೆ ಖಾಲಿ ಕಣ ಬಿಡದೆ ಹರಡಿದ್ದರೆ ಆ ರಾಣಿ ಗಟ್ಟಿ. ಕೆಲಸಗಾರ ಕಣಗಳ ಮೇಲೆ ಉಬ್ಬಿದ ಟೋಪಿಗಳೆದ್ದಿದ್ದರೆ ಅವಳು ಕೂಡಿಲ್ಲ. ಮರಿ ಚದುರಿ ಚದುರಿ ಇದ್ದರೆ ಹತ್ತಿರದ ಸಂಬಂಧದ ಗಂಡುಗಳೇ ಸಿಕ್ಕಿರಬಹುದು. ಅಂಥ ಕೂಟದಲ್ಲಿ ಹುಟ್ಟುವ ವಿಚಿತ್ರ ಗಂಡು ಪುಳುಗಳನ್ನು ನೊಣಗಳೇ ತಿಂದು ಹಾಕುತ್ತವೆ. ಆಗ ದೂರದ ಊರಿನ ಸಂಸಾರವೊಂದನ್ನು ತಂದು ಗಂಡು ನೊಣ ಬೆಳೆಸಿಕೊಳ್ಳಬೇಕು.

ರಾಣಿಯನ್ನು ದೊಡ್ಡ ಪೆಟ್ಟಿಗೆಗೆ ದಾಟಿಸಿದ ಮರುದಿನವೇ ಕಿರುಪೆಟ್ಟಿಗೆಗೆ ಇನ್ನೊಂದು ಬಲಿತ ಕೋಶ ಕೊಡಬಹುದು. ಮುಚ್ಚಿದ ಮರಿಯ ಎರಿಯೊಂದನ್ನು ಆಗಾಗ ಸೇರಿಸುತ್ತಿದ್ದರೆ ಅದೇ ಪೆಟ್ಟಿಗೆ ಬೇಸಿಗೆಯವರೆಗೆ ದುಡಿಯುತ್ತದೆ. ಮೇ ಕೊನೆಗೆ ಮಾತ್ರ ಆಸೆ ಬಿಟ್ಟು, ಅದರ ರಾಣಿಯನ್ನು ತೆಗೆದು, ತೂತು ಮಾಡಿದ ಪತ್ರಿಕೆಯ ಹಾಳೆಯನ್ನು ನಡುವೆ ಇಟ್ಟು ಯಾವುದಾದರೂ ಬಲವಾದ ಸಂಸಾರಕ್ಕೆ ಸೇರಿಸಿಬಿಡಿ. ಮಲೆನಾಡಿನ ಮಳೆಗಾಲವನ್ನು ಮೂರು ಎರಿಯ ನೊಣ ದಾಟುವುದು ಕಷ್ಟ.