ಹಳೇ ಮಿಡತೆ, ಹೊಸ ಓಟ

ರಿಮೋಟ್ ಕಾರಿನ ಹುಚ್ಚು ಹಿಡಿದ ಇಬ್ಬರು ಒಂದು ಕಡೆ ಸೇರಿದರೆ ಹತ್ತು ನಿಮಿಷದೊಳಗೆ ಜಗಳ ಶುರು. ಒಬ್ಬ, ‘ಎಂಬತ್ತರ ದಶಕದ ಗಾಡಿಗಳ ಮುಂದೆ ಈಗಿನವೆಲ್ಲ ಬರೀ ಸದ್ದು’ ಅಂತಾನೆ. ಇನ್ನೊಬ್ಬ, ‘ನಿನ್ನ ಮ್ಯೂಸಿಯಂ ಪೀಸು ನನ್ನ ಗಾಡಿಯ ಧೂಳನ್ನೂ ಮುಟ್ಟಲ್ಲ’ ಅಂತಾನೆ. ಇಬ್ಬರೂ ವಾರವಿಡೀ ಕೋಡ್ ಬರೆದು, ಭಾನುವಾರ ಬೆಳಿಗ್ಗೆ ಖಾಲಿ ಸೈಟು ಹುಡುಕಿಕೊಂಡು ಹೋಗೋ ಜನ. ಈ ಜಗಳದಲ್ಲಿ ಯಾರ ಮಾತಿನಲ್ಲಿ ಎಷ್ಟು ಹುರುಳಿದೆ ಅಂತ ನೋಡೋಣ.

ಮೊದಲೇ ಹೇಳಿಬಿಡ್ತೀನಿ, ಇದು ಜಾತ್ರೆಯಲ್ಲಿ ಸಿಗೋ ರಿಮೋಟ್ ಕಾರಿನ ಮಾತಲ್ಲ. ಅದು ಕೆಟ್ಟರೆ ಕೆಟ್ಟಿತು, ತಿಪ್ಪೆಗೆ. ಹವ್ಯಾಸಿಗಳ ಗಾಡಿಯಲ್ಲಿ ಮೋಟರ್ ಬೇರೆ, ಗೇರ್ ಬೇರೆ, ಸ್ಟಿಯರಿಂಗ್ ತಿರುಗಿಸೋ ಸರ್ವೋ ಬೇರೆ. ಮುರಿದದ್ದನ್ನು ಬಿಚ್ಚಿ, ಅದೊಂದೇ ಭಾಗ ತಂದು ಹಾಕಬಹುದು. ಹೆಚ್ಚಿನವು ನಿಜವಾದ ಗಾಡಿಯ ಹತ್ತರಲ್ಲೊಂದು ಅಳತೆಯವು.

ಹಳೇ ಗಾಡಿ ಅಂದರೆ ಎಲ್ಲರ ಬಾಯಲ್ಲೂ ಬರೋ ಹೆಸರು ಜಪಾನಿನ ಶಿಜುವೊಕಾ ಊರಿನ ತಮಿಯಾ. 1946ರಲ್ಲಿ ಮರದ ವ್ಯಾಪಾರವಾಗಿ ಶುರುವಾದ ಕಂಪನಿ ಅದು. 1976ರಲ್ಲಿ ಪೋರ್ಷೆ 934ರ ಮಾದರಿಯಿಂದ ರೇಡಿಯೊ ಕಾರಿಗೆ ಕೈಹಾಕಿತು. ಆ ಮಾದರಿ ಸರಿಯಾಗಿ ಬರಲಿ ಅಂತ ಒಂದು ನಿಜವಾದ ಪೋರ್ಷೆ 911 ಕೊಂಡು ಬಿಚ್ಚಿ ನೋಡಿದ್ದರು. 1979ರಲ್ಲಿ ಸ್ಯಾಂಡ್ ಸ್ಕಾರ್ಚರ್ ಬಂತು, 1984ರಲ್ಲಿ ಗ್ರಾಸ್‌ಹಾಪರ್ ಮತ್ತು ಹಾರ್ನೆಟ್ ಬಂದವು. ಅಮೆರಿಕ, ಇಂಗ್ಲೆಂಡ್, ಜಪಾನಿನಲ್ಲಿ ಆ ಕಾಲದ ಹುಡುಗರು ಇವನ್ನೇ ಓಡಿಸಿ ಬೆಳೆದರು. ಅವರು ದೊಡ್ಡವರಾಗಿ ಕೈಯಲ್ಲಿ ಕಾಸು ಆಡೋ ಹೊತ್ತಿಗೆ ತಮಿಯಾ ಅವನ್ನೇ ಮತ್ತೆ ಅಚ್ಚು ಹಾಕಿತು. 2004ರಲ್ಲಿ ಹಾರ್ನೆಟ್, 2005ರಲ್ಲಿ ಗ್ರಾಸ್‌ಹಾಪರ್, 2010ರಲ್ಲಿ ಸ್ಯಾಂಡ್ ಸ್ಕಾರ್ಚರ್ ತಿರುಗಿ ಬಂದವು. ಇವತ್ತು ‘ವಿಂಟೇಜ್’ ಅಂತ ನಮ್ಮಲ್ಲಿ ಓಡೋದರಲ್ಲಿ ಬಹುಪಾಲು ಈ ಮರುಹುಟ್ಟಿನವೇ.

ಇಲ್ಲೇ ನನಗೊಂದು ತಕರಾರು. ನಾನು ಕೃಷ್ಣರಾಜಪೇಟೆ ತಾಲ್ಲೂಕಿನ ಹಳ್ಳಿಯವನು. ತೊಂಬತ್ತರ ದಶಕದಲ್ಲಿ ನಮ್ಮ ಗಾಡಿ ಅಂದರೆ ಸವೆದ ಸೈಕಲ್ ಟೈರು, ಕೈಲೊಂದು ಕೋಲು. ಹವಾಯಿ ಚಪ್ಪಲಿ ಕೊಯ್ದು ಚಕ್ರ, ಜೋಳದ ದಂಟಿನಲ್ಲಿ ಚಾಸಿ. ಹೇಮಗಿರಿ ಜಾತ್ರೆಯಿಂದ ಯಾರಾದರೂ ವೈರ್ ಇರೋ ರಿಮೋಟ್ ಕಾರು ತಂದರೆ ಬೀದಿಗೇ ಹಬ್ಬ. ಸೆಲ್ಲು ಮುಗಿದ ದಿನ ಹಬ್ಬವೂ ಮುಗೀತು. ಗ್ರಾಸ್‌ಹಾಪರ್ ಅನ್ನೋ ಹೆಸರು ನಾನು ಕೇಳಿದ್ದು ಸಂಬಳ ಎಣಿಸೋಕೆ ಶುರು ಮಾಡಿದ ಮೇಲೆ. ನನ್ನ ವಯಸ್ಸಿನ ಎಷ್ಟೋ ಕನ್ನಡದ ಹುಡುಗರು ಅದರ ಪೆಟ್ಟಿಗೆ ಮೇಲಿನ ಚಿತ್ರ ನೋಡಿ ‘ಆಹಾ, ಆ ದಿನಗಳು’ ಅಂತ ನಿಟ್ಟುಸಿರು ಬಿಡ್ತಾರೆ. ಯಾರ ದಿನಗಳು ಸ್ವಾಮಿ? ಅದು ನಮ್ಮ ಬಾಲ್ಯ ಅಲ್ಲ, ಎರವಲು ತಂದ ನೆನಪು.

ಎರವಲು ಅಂದಮಾತ್ರಕ್ಕೆ ಗಾಡಿ ಕೆಟ್ಟದ್ದು ಅಂತ ಆಗಲ್ಲ. ಆದರೆ ನೆನಪಿನ ಹೆಸರಲ್ಲಿ ಅದಕ್ಕೆ ಗ್ರೇಸ್ ಮಾರ್ಕ್ಸ್ ಕೊಡೋ ಹಕ್ಕು ನಮಗಿಲ್ಲ. ಅದೊಂದು ಅನುಕೂಲವೇ. ಹಳೇದನ್ನ ಬರೀ ಗಾಡಿಯಾಗಿ ನೋಡೋಕೆ ನಮಗೆ ಅಡ್ಡಿ ಕಡಿಮೆ.

ಹಾಗೆ ನೋಡಿದರೆ ಮೊದಲು ಕಾಣೋದು ಅದರ ಕೊರತೆಗಳೇ. ಗ್ರಾಸ್‌ಹಾಪರಿನ ಹಿಂದಿನ ಎರಡು ಚಕ್ರಗಳ ನಡುವೆ ಗೇರ್‌ಬಾಕ್ಸ್ ಸಮೇತ ಒಂದೇ ಗಟ್ಟಿ ದಿಂಡು. ಒಂದು ಚಕ್ರ ಕಲ್ಲು ಹತ್ತಿದರೆ ಇನ್ನೊಂದೂ ಅಲ್ಲಾಡುತ್ತೆ. ಸ್ಪ್ರಿಂಗ್ ಇದೆ, ಅದನ್ನು ತಡೆದು ಹಿಡಿಯೋ ಎಣ್ಣೆಯ ಶಾಕ್ ಇಲ್ಲ. ಉಬ್ಬು ಬಂದರೆ ಒಂದು ಸಲ ಅಲ್ಲ, ನಾಲ್ಕು ಸಲ ಕುಣಿಯುತ್ತೆ. ಮಿಡತೆ ಅಂತ ಹೆಸರಿಟ್ಟವರು ಸುಳ್ಳಾಡಿಲ್ಲ. ಬೇರಿಂಗ್ ಇರಬೇಕಾದ ಕಡೆ ಪ್ಲಾಸ್ಟಿಕ್ ಬುಷ್. ಗಟ್ಟಿ ಪ್ಲಾಸ್ಟಿಕ್ಕಿನ ಬಾಡಿ ಜೋರಾಗಿ ಗುದ್ದಿದರೆ ಸೀಳುತ್ತೆ. ಒಳಗಿನ 380 ಮೋಟರ್ ಗಾಡಿಯನ್ನು ಗಂಟೆಗೆ 20–25 ಕಿ.ಮೀ. ಆಸುಪಾಸಿನಲ್ಲಿ ಓಡಿಸುತ್ತೆ, ಅಷ್ಟೇ.

1984ರ ಅಸಲಿ ವ್ಯವಸ್ಥೆ ಇನ್ನೂ ಕಷ್ಟದ್ದು. ವೇಗ ಹೆಚ್ಚು ಕಡಿಮೆ ಮಾಡೋಕೆ ಒಂದು ಸರ್ವೋ ತಾಮ್ರದ ಪಟ್ಟಿಗಳ ಮೇಲೆ ಕಡ್ಡಿ ಎಳೆಯುತ್ತಿತ್ತು. ನಿಧಾನ ಹೋದರೆ ಉಳಿದ ಕರೆಂಟೆಲ್ಲ ರೆಸಿಸ್ಟರಿನಲ್ಲಿ ಬಿಸಿಯಾಗಿ ಹಾಳು. 27 ಮೆಗಾಹರ್ಟ್ಸ್ ರೇಡಿಯೊದ ಕ್ರಿಸ್ಟಲ್ ಇಬ್ಬರದೂ ಒಂದೇ ಆದರೆ ನಿಮ್ಮ ಗಾಡಿ ಪಕ್ಕದವನ ಮಾತು ಕೇಳುತ್ತಿತ್ತು. ಆರು ಸೆಲ್ಲಿನ 7.2 ವೋಲ್ಟ್ ನಿಕಲ್–ಕ್ಯಾಡ್ಮಿಯಂ ಬ್ಯಾಟರಿಯ ಆಟ ಶುರುವಾಗೋದರೊಳಗೆ ಮುಗಿಯೋದು.

ಈಗಿನ ಗಾಡಿ ಇದೆಲ್ಲವನ್ನೂ ಒಂದೊಂದಾಗಿ ಸರಿಮಾಡಿದೆ. ಅಮೆರಿಕದ ಟ್ರ್ಯಾಕ್ಸಸ್ ಕಂಪನಿ 2008ರಲ್ಲಿ ತಂದ ಸ್ಲ್ಯಾಶ್ ಟ್ರಕ್ಕನ್ನೇ ತಗೊಳ್ಳಿ. ನಾಲ್ಕೂ ಚಕ್ರಕ್ಕೆ ಬೇರೆ ಬೇರೆ ಸಸ್ಪೆನ್ಷನ್, ಎಣ್ಣೆ ತುಂಬಿದ ಶಾಕ್, ಬಗ್ಗಿದರೂ ಬೇಗ ಒಡೆಯದ ಪಾಲಿಕಾರ್ಬೊನೇಟ್ ಬಾಡಿ. ಈ ಪೀಳಿಗೆಯ ಗಾಡಿಗಳ ರೇಡಿಯೊ 2.4 ಗಿಗಾಹರ್ಟ್ಸ್‌ನದ್ದು, ಹತ್ತು ಜನ ಒಟ್ಟಿಗೆ ಓಡಿಸಿದರೂ ಗೊಂದಲ ಇಲ್ಲ. ಬ್ರಷ್‌ಲೆಸ್ ಮೋಟರಿಗೆ ಮೂರು ಸೆಲ್ಲಿನ ಲಿಥಿಯಂ ಪಾಲಿಮರ್ ಬ್ಯಾಟರಿ ಜೋಡಿಸಿದರೆ 80 ಕಿ.ಮೀ. ದಾಟೋ ಗಾಡಿಗಳಿವೆ. ಗಾಡಿ ಅಡ್ಡ ತಿರುಗದ ಹಾಗೆ ತಾನೇ ಸ್ಟಿಯರಿಂಗ್ ತಿದ್ದೋ ಗೈರೋ ಕೂಡ ಕೆಲವದರಲ್ಲಿದೆ. ಸ್ಪೆಕ್ ಶೀಟ್ ಎದುರು ಬದುರು ಇಟ್ಟರೆ ಇದು ಪಂದ್ಯವೇ ಅಲ್ಲ. ಹೊಸದು ಗೆದ್ದಾಯ್ತು, ಮನೆಗೆ ಹೋಗೋಣ.

ಹಾಗಿದ್ದರೂ ಹಳೇದನ್ನ ನೋಡೋಕೆ ಏನೋ ಚೆಂದ ಅನ್ನಿಸುತ್ತಲ್ಲ, ಅದು ಯಾಕೆ? ಹೋದ ಬೇಸಿಗೆಯಲ್ಲಿ ಊರಿನ ಕೆರೆ ಅಂಗಳ ಒಣಗಿದ್ದಾಗ ಮರುಹುಟ್ಟಿನ ಗ್ರಾಸ್‌ಹಾಪರನ್ನೂ ಒಂದು ಬ್ರಷ್‌ಲೆಸ್ ಟ್ರಕ್ಕನ್ನೂ ಓಡಿಸಿದೆ. ಅಕ್ಕನ ಮಗ ಪಕ್ಕದಲ್ಲಿದ್ದ. ಅವನಿಗೆ ಎಂಬತ್ತರ ದಶಕವೂ ಗೊತ್ತಿಲ್ಲ, ತಮಿಯಾನೂ ಗೊತ್ತಿಲ್ಲ.

“ಯಾವ್ದ್ಲಾ ಚೆನ್ನಾಗೈತೆ?” ಅಂದೆ.

“ಇದು ದಿಟವಾದ ಜೀಪು ಓದಂಗೆ ಓಯ್ತದೆ ಮಾವ. ಅದು ಇಲಿ ಓಡ್ದಂಗೆ ಓಡ್ತದೆ,” ಅಂದ. ಒಂದು ಗಳಿಗೆ ಬಿಟ್ಟು, “ಇಲಿ ಓಡ್ಸಕ್ಕೆ ಮಜಾ. ಇದು ನೋಡಕ್ಕೆ ಮಜಾ,” ಅಂತ ಸೇರಿಸಿದ.

ಈ ಹವ್ಯಾಸದ ಬಗ್ಗೆ ನಾನು ಕೇಳಿದ ಒಳ್ಳೇ ವಿಮರ್ಶೆ ಅದೇ. ಅವನು ಕಣ್ಣಲ್ಲಿ ಕಂಡದ್ದಕ್ಕೆ ಫಿಸಿಕ್ಸಿನಲ್ಲಿ ಲೆಕ್ಕವೂ ಇದೆ.

ಕಾರನ್ನು ಹತ್ತರಲ್ಲೊಂದಕ್ಕೆ ಕುಗ್ಗಿಸಬಹುದು, ಭೂಮಿಯ ಸೆಳೆತವನ್ನು ಕುಗ್ಗಿಸೋಕಾಗಲ್ಲ. ಒಂದು ಮೀಟರ್ ಎತ್ತರದಿಂದ ಕಲ್ಲು ಬೀಳೋಕೆ 0.45 ಸೆಕೆಂಡ್ ಬೇಕು. ಹತ್ತು ಸೆಂಟಿಮೀಟರಿಂದ ಬೀಳೋಕೆ 0.14 ಸೆಕೆಂಡ್. ಉದ್ದ ಹತ್ತು ಪಟ್ಟು ಕಮ್ಮಿ ಆದರೆ ಕಾಲ ಕಮ್ಮಿ ಆಗೋದು ಹತ್ತರ ವರ್ಗಮೂಲದಷ್ಟು, ಅಂದರೆ ಸುಮಾರು 3.16 ಪಟ್ಟು. ವೇಗದ ಲೆಕ್ಕವೂ ಅದೇ. ಹತ್ತರಲ್ಲೊಂದು ಅಳತೆಯ ಗಾಡಿ 22 ಕಿ.ಮೀ. ವೇಗದಲ್ಲಿ ಹಾರೋ, ವಾಲೋ, ಜಾರೋ ರೀತಿ ನಿಜವಾದ ಗಾಡಿ 70 ಕಿ.ಮೀ. ವೇಗದಲ್ಲಿ ಮಾಡೋ ರೀತಿಗೆ ಹೊಂದುತ್ತೆ. ಗಡಿಯಾರ ಮಾತ್ರ ಮೂರು ಪಟ್ಟು ಬೇಗ ಓಡಿದಂಗೆ. ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲೆಂಡಿನ ವಿಲಿಯಂ ಫ್ರೂಡ್ ಹಡಗಿನ ಪುಟ್ಟ ಮಾದರಿಗಳನ್ನು ತೊಟ್ಟಿಯಲ್ಲಿ ಎಳೆದು ಅಲೆಗಳನ್ನು ಹೋಲಿಸಿದ್ದು ಇದೇ ಲೆಕ್ಕದ ಮೇಲೆ. ಸಿನಿಮಾದವರು ಪುಟ್ಟ ಮಾದರಿ ಇಟ್ಟು ಕಟ್ಟಡ ಉರುಳಿಸುವಾಗ ಕ್ಯಾಮೆರಾವನ್ನು ಜೋರಾಗಿ ಓಡಿಸಿ, ಆಮೇಲೆ ನಿಧಾನಕ್ಕೆ ತೋರಿಸೋದೂ ಇದಕ್ಕೇ. ನಂಬಿಕೆ ಇಲ್ಲದಿದ್ದರೆ ನಿಮ್ಮ ಫೋನಿನಲ್ಲಿ ಸ್ಲೋ ಮೋಷನ್ ಹಾಕಿ ತೆಗೆದು ನೋಡಿ.

ಈಗ ಟ್ರಕ್ಕಿಗೆ ಬನ್ನಿ. 80 ಕಿ.ಮೀ. ಅಂದರೆ ಇದೇ ಲೆಕ್ಕದಲ್ಲಿ ದೊಡ್ಡ ಗಾಡಿಯ 250 ಕಿ.ಮೀ. ಮಣ್ಣಿನ ಮೇಲೆ ಆ ವೇಗದಲ್ಲಿ ಟ್ರಕ್ ಹೋಗೋದನ್ನ ನಾವ್ಯಾರೂ ನೋಡಿಲ್ಲ. 20 ಡಿಗ್ರಿಯ ದಿಬ್ಬದಿಂದ 22 ಕಿ.ಮೀ. ವೇಗದ ಗಾಡಿ ಸುಮಾರು ಎರಡೂವರೆ ಮೀಟರ್ ಹಾರುತ್ತೆ, ಅಂದರೆ ಆರು ಕಾರಿನುದ್ದ. ಗಾಳಿಯ ತಡೆ ಲೆಕ್ಕಕ್ಕೆ ಹಿಡಿಯದಿದ್ದರೆ 80 ಕಿ.ಮೀ. ವೇಗದ ಗಾಡಿ ಅದೇ ದಿಬ್ಬದಿಂದ 30 ಮೀಟರ್ ದಾಟುತ್ತೆ. ಅದು ಕಾರಿನ ಹಾರಾಟ ಅಲ್ಲ, ಎಸೆದ ಕಲ್ಲಿನ ಹಾರಾಟ. ಕಣ್ಣು ಅದನ್ನು ಗಾಡಿ ಅಂತ ಒಪ್ಪಲ್ಲ, ಪ್ರಾಣಿಯೋ ಹುಳವೋ ಅಂದುಕೊಳ್ಳುತ್ತೆ. ಹುಡುಗ ಇಲಿ ಅಂದದ್ದು ಸರಿಯಾಗೇ ಇದೆ.

ಅಲ್ಲಿಗೆ ಹಳೇ ಗಾಡಿಯ ಸೊಗಸು ಅದರ ವಯಸ್ಸಿನಲ್ಲಿಲ್ಲ. ಆ ಕಾಲದ ಬಡ ಮೋಟರು, ಬಡ ಬ್ಯಾಟರಿ ಅದನ್ನು ತನ್ನ ಮೈಗೆ ತಕ್ಕ ವೇಗದಲ್ಲಿ ಕಟ್ಟಿಹಾಕಿದ್ದವು. ಯಾರೂ ಬೇಕಂತ ಮಾಡಿದ ಕಲೆಗಾರಿಕೆ ಅಂತ ಹೇಳೋಕಾಗಲ್ಲ, ಆದರೆ ಫಲ ಕಣ್ಣ ಮುಂದಿದೆ. ಹೊಸದು ಆ ಹಗ್ಗ ಬಿಚ್ಚಿತು. ವೇಗ ಸಿಕ್ಕಿತು, ಗಾಡಿತನ ಹೋಯಿತು.

‘ಹಂಗಾದ್ರೆ ಹಳೇದೇ ಗೆದ್ದಿತಲ್ಲ’ ಅನ್ನಬೇಡಿ. ಇದನ್ನು ಹೊಸಬರೂ ಕಂಡುಕೊಂಡಿದ್ದಾರೆ. ಬಂಡೆ ಹತ್ತೋ ಕ್ರಾಲರ್ ಗಾಡಿಗಳನ್ನು ನೋಡಿ. 2017ರಲ್ಲಿ ಬಂದ ಟಿಆರ್‌ಎಕ್ಸ್–4ರಲ್ಲಿ ಎರಡು ಗೇರ್ ಇವೆ, ಹಿಂದಿನ–ಮುಂದಿನ ಡಿಫರೆನ್ಷಿಯಲ್ಲನ್ನು ರಿಮೋಟಿನಿಂದಲೇ ಲಾಕ್ ಮಾಡಬಹುದು. ಅಷ್ಟೆಲ್ಲ ಹೊಸ ತಂತ್ರ ಇಟ್ಟುಕೊಂಡು ಅದು ಮಾಡೋ ಕೆಲಸ ನಡೆದುಕೊಂಡು ಹೋಗೋ ವೇಗದಲ್ಲಿ ಕಲ್ಲು ಹತ್ತೋದು. ಮೇಲುಕೋಟೆಯಂಥ ಬಂಡೆ ಸೀಮೆಯವರಿಗೆ ಹೇಳಿ ಮಾಡಿಸಿದ ಆಟ. ಒಂದೊಂದು ಚಕ್ರ ಎಲ್ಲಿ ಕೂತಿದೆ ಅಂತ ಕಾಣುತ್ತೆ, ಮುಂದೇನು ಮಾಡಬೇಕು ಅಂತ ಯೋಚಿಸೋಕೆ ಪುರುಸೊತ್ತಿರುತ್ತೆ. ಹಾಗಾಗಿ ಹಳೇದಾ ಹೊಸದಾ ಅನ್ನೋ ಪ್ರಶ್ನೆಯೇ ಅಡ್ಡದಾರಿ. ಗಾಡಿ ತನ್ನ ಗಾತ್ರಕ್ಕೆ ತಕ್ಕಂತೆ ಓಡುತ್ತಾ ಅಂತ ಕೇಳಬೇಕು.

ಕೇಳಬೇಕಾದ ಎರಡನೇ ಪ್ರಶ್ನೆ, ಅದನ್ನು ಕಟ್ಟಿದ್ದು ಯಾರು? ಮರುಹುಟ್ಟಿನ ಮಿಡತೆ ಬರೋದು ಬಿಡಿಭಾಗಗಳಾಗಿ. ಸ್ಕ್ರೂ ತುಂಬಿದ ಪೊಟ್ಟಣಗಳ ಮೇಲೆ ಎ, ಬಿ, ಸಿ ಅಂತ ಗುರುತು, ಜೊತೆಗೆ ಚಿತ್ರಗಳ ಪುಸ್ತಕ. ಯಾವ ಸ್ಕ್ರೂ ಅಂತ ಅನುಮಾನ ಬಂದರೆ ಪುಸ್ತಕದ ಮೇಲೇ ಇಟ್ಟು ಅಳೆಯಬಹುದು. ಚಿತ್ರ ಅಷ್ಟೇ ಗಾತ್ರದಲ್ಲಿರುತ್ತೆ. ನಾನು ಓದಿದ ಎಷ್ಟೋ ಸಾಫ್ಟ್‌ವೇರ್ ಡಾಕ್ಯುಮೆಂಟೇಶನ್‌ಗಿಂತ ಇದು ಮೇಲು. ಒಂದೆರಡು ಸಂಜೆ ಕೂತರೆ ಮೋಟರಿನ ಸುತ್ತು ಗೇರಿಗೆ ಹೋಗಿ, ಗೇರಿಂದ ಚಕ್ರಕ್ಕೆ ಹೋಗೋದು ಕೈಗೇ ಗೊತ್ತಾಗುತ್ತೆ. ಹೊಸ ಗಾಡಿಗಳಲ್ಲಿ ಹೆಚ್ಚಿನವು ಪೆಟ್ಟಿಗೆಯಿಂದ ತೆಗೆದು ಓಡಿಸೋವು. ಮೊದಲ ಸಲ ಮುರಿದಾಗಲೇ ಒಳಗೇನಿದೆ ಅಂತ ನೋಡೋದು. ಹೊಸದರಲ್ಲೂ ಕಿಟ್‌ಗಳಿವೆ, ಸಿಕ್ಕರೆ ಅದನ್ನೇ ತಗೊಳ್ಳಿ. ದಂಟು ಸೀಳಿ ಗಾಡಿ ಮಾಡಿದವರಿಗೆ ಈ ಖುಷಿಯನ್ನು ಬಿಡಿಸಿ ಹೇಳಬೇಕಿಲ್ಲ. ಗ್ರಾಸ್‌ಹಾಪರಿನಲ್ಲಿ ನಮ್ಮ ಬಾಲ್ಯ ಏನಾದರೂ ಇದ್ದರೆ ಇಲ್ಲಿದೆ, ಪೆಟ್ಟಿಗೆ ಮೇಲಿನ ಚಿತ್ರದಲ್ಲಿ ಅಲ್ಲ.

ಹಣದ ಮಾತೂ ಬರಬೇಕು. ಹೊರದೇಶದ ಆಟಿಕೆಗಳ ಮೇಲಿನ ಸುಂಕ 2020ರ ಬಜೆಟ್ಟಿನಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ನಮ್ಮಲ್ಲಿ ಇದು ಬಡವರ ಹವ್ಯಾಸ ಅಲ್ಲ ಅನ್ನೋದನ್ನ ಮರೆಮಾಚೋದು ಬೇಡ. ಅದಕ್ಕೇ 1984ರ ಅಸಲಿ ಪೆಟ್ಟಿಗೆಯನ್ನು ದುಬಾರಿ ಬೆಲೆಗೆ ತರಿಸಿ, ಸೀಲ್ ಒಡೆಯದೆ ಶೋಕೇಸಿನಲ್ಲಿ ಇಡೋದು ನನಗೆ ಒಗ್ಗಲ್ಲ. ನಲವತ್ತು ವರ್ಷದ ಪ್ಲಾಸ್ಟಿಕ್ ಗರಿಗರಿಯಾಗಿ ಒಡೆಯೋ ಭಯಕ್ಕೆ ಅದನ್ನು ಓಡಿಸೋಕೂ ಧೈರ್ಯ ಬರಲ್ಲ. ಓಡದ ಗಾಡಿ ಚಿನ್ನದ ಬಿಸ್ಕತ್ತಿನಂತೆ, ಆಸ್ತಿ ಸರಿ, ಆಟ ಅಲ್ಲ.

ನನ್ನ ತೀರ್ಪು ಹೀಗೆ. ಮೊದಲ ಗಾಡಿಗೆ ಮರುಹುಟ್ಟಿನ ಹಳೇ ಕಿಟ್ಟು, ಒಳಗೆ ಹೊಸ 2.4 ಗಿಗಾಹರ್ಟ್ಸ್ ರೇಡಿಯೊ, ಎಲೆಕ್ಟ್ರಾನಿಕ್ ಸ್ಪೀಡ್ ಕಂಟ್ರೋಲರ್, ಬುಷ್ ತೆಗೆದು ಬೇರಿಂಗ್. ವೈರು, ಕನೆಕ್ಟರ್ರು, ಬೆಸುಗೆ ಸಾಮಾನಿಗೆ ಎಸ್.ಪಿ. ರೋಡ್ ಇದ್ದೇ ಇದೆ. ಮೋಟರ್ ಮಾತ್ರ ದೊಡ್ಡದು ಹಾಕಬೇಡಿ, ಆ ಚಾಸಿ ಅದನ್ನು ತಡೆಯಲ್ಲ, ಚೆಂದವೂ ಹೋಗುತ್ತೆ. ಲಿಥಿಯಂ ಬ್ಯಾಟರಿ ಹಾಕಿದರೆ ಸೆಲ್ಲಿಗೆ 3 ವೋಲ್ಟಿಗಿಂತ ಕೆಳಗೆ ಇಳಿಸಬೇಡಿ, ಊದಿಕೊಂಡದ್ದನ್ನು ಚಾರ್ಜಿಗೆ ಹಾಕಬೇಡಿ. ಎರಡನೇ ಗಾಡಿ ಬೇಕು ಅನ್ನಿಸಿದರೆ ಕ್ರಾಲರ್. ವೇಗದ ಟ್ರಕ್ಕು ಮೂರನೇದು, ಅದೂ ಜನ, ದನ, ಮಕ್ಕಳು ಇಲ್ಲದ ಬಯಲು ಸಿಕ್ಕರೆ. ಎರಡು ಮೂರು ಕಿಲೋ ತೂಕದ್ದು 80 ಕಿ.ಮೀ. ವೇಗದಲ್ಲಿ ಮೊಣಕಾಲಿಗೆ ಬಡಿದರೆ ಆಟ ಅನ್ನೋ ಮಾತು ಅಲ್ಲಿಗೇ ಮುಗಿಯುತ್ತೆ.

ವಾರದ ಐದು ದಿನ ನಾವು ನಂಬರಿನ ಕೆಳಗೇ ಬದುಕೋರು. ಲೇಟೆನ್ಸಿ ಎಷ್ಟು, ಟಿಕೆಟ್ ಎಷ್ಟು, ರೇಟಿಂಗ್ ಎಷ್ಟು. ಭಾನುವಾರವೂ ಗಂಟೆಗೆ ಎಷ್ಟು ಕಿಲೋಮೀಟರ್ ಅಂತಲೇ ಕೂತರೆ ಆಫೀಸನ್ನೇ ಕೆರೆ ಅಂಗಳಕ್ಕೆ ಹೊತ್ತುಕೊಂಡು ಹೋದ ಹಾಗೆ. ಮಿಡತೆ 22ರಲ್ಲಿ ಹೋಗುತ್ತೆ. ಧೂಳೆಬ್ಬಿಸುತ್ತೆ, ಕುಣಿಯುತ್ತೆ, ಒಮ್ಮೊಮ್ಮೆ ಮಗುಚಿಕೊಳ್ಳುತ್ತೆ, ನಡೆದು ಹೋಗಿ ಎತ್ತಿ ನಿಲ್ಲಿಸಬೇಕು. ಆ ನಡಿಗೆಯೂ ಆಟದ ಲೆಕ್ಕಕ್ಕೇ ಸೇರಿದ್ದು.