ನಮ್ಮ ಕಾಲದ್ದಲ್ಲ ಎಂಬ ತಕರಾರು

‘ಸ್ಟಾರ್ ಟ್ರೆಕ್’ ಎಂಬ ಅಮೆರಿಕದ ಧಾರಾವಾಹಿ 1966ರಲ್ಲಿ ಶುರುವಾಗಿ, 79 ಕಂತು ನಡೆದು, 1969ರಲ್ಲಿ ನಿಂತಿತು. ಬಾಹ್ಯಾಕಾಶ ನೌಕೆಯೊಂದರ ಜನ ಹೊಸ ಹೊಸ ಲೋಕಗಳಿಗೆ ಹೋಗಿಬರುವ ಕಥೆ. ಎಂಬತ್ತರ ದಶಕದಲ್ಲಿ ನಮ್ಮ ದೂರದರ್ಶನದಲ್ಲೂ ಬಂದಿತ್ತು. ಚೂಪು ಕಿವಿಯ ಸ್ಪಾಕ್‌ನನ್ನು ನನ್ನ ವಯಸ್ಸಿನ ಹಲವರು ಮರೆತಿರಲಾರರು. ನಿಲ್ಲಿಸುತ್ತಾರೆಂಬ ಸುದ್ದಿ ಮೊದಲು ಹಬ್ಬಿದಾಗ ಅಲ್ಲಿಯ ಅಭಿಮಾನಿಗಳು ಕಾಗದದ ಮೇಲೆ ಕಾಗದ ಬರೆದು ಹೋರಾಡಿದರು. 1968ರಲ್ಲಿ ಅದಕ್ಕೆ ಇನ್ನೊಂದು ವರ್ಷದ ಆಯುಸ್ಸು ಸಿಕ್ಕಿತು. ಅಂಥವರಿಗೆ ಅದು ತಮ್ಮ ಮನೆಯ ಆಸ್ತಿ ಎನ್ನಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ.

ತೊಂದರೆ ಬರುವುದು ಆಸ್ತಿ ಮುಂದಿನವರ ಕೈಗೆ ಹೋದಾಗ. 1987ರಲ್ಲಿ ‘ದಿ ನೆಕ್ಸ್ಟ್ ಜನರೇಷನ್’ ಬಂದಾಗ, ಕರ್ಕ್ ಇಲ್ಲದ, ಸ್ಪಾಕ್ ಇಲ್ಲದ ಸ್ಟಾರ್ ಟ್ರೆಕ್ ಎಂಥದು ಎಂದು ಹಳಬರು ಮೂಗು ಮುರಿದರು. 1993ರ ‘ಡೀಪ್ ಸ್ಪೇಸ್ ನೈನ್’ ನಿಂತಲ್ಲೇ ನಿಂತ ನಿಲ್ದಾಣದ ಕಥೆಯಾದ್ದರಿಂದ ಅದಕ್ಕೂ ಮಂಗಳಾರತಿಯಾಯಿತು. ಈಗ ಅವೆರಡೂ ದೇವರ ಗೂಡು ಸೇರಿವೆ! 2017ರಲ್ಲಿ ‘ಡಿಸ್ಕವರಿ’ ಬಂದಾಗ ಹಳೆಯ ಮಾತೇ ಇನ್ನಷ್ಟು ಕಹಿಯಾಗಿ ಕೇಳಿಸಿತು. ಕ್ಲಿಂಗಾನರ ಮುಖ ಬದಲಾಯಿತೆಂದು ಗಲಾಟೆ. 1979ರ ಸಿನಿಮಾದಲ್ಲೇ ಅವರ ಹಣೆಗೆ ಏಣು ಮೂಡಿದ್ದನ್ನು ಮರೆತರೇನೋ. ಕಥಾನಾಯಕಿ ಮೈಕೆಲ್ ಬರ್ನಮ್ ಕಪ್ಪು ಹೆಣ್ಣುಮಗಳು ಎಂಬುದೂ ಕೆಲವರಿಗೆ ರುಚಿಸಲಿಲ್ಲ. ಮೇಲಾಗಿ ಅವಳು ಬಹಳ ಅಳುತ್ತಾಳಂತೆ. ಕರ್ಕ್ ಕೂಗಾಡಿದರೆ ಅದು ಧೀರೋದಾತ್ತ, ಹೆಂಗಸು ಕಣ್ಣೊರೆಸಿಕೊಂಡರೆ ಧಾರಾವಾಹಿ ಕೆಟ್ಟಿತು!

ಆದರೆ ಉತ್ತರಪತ್ರಿಕೆ ತಿದ್ದುವವಳು ನಾನು. ಅಕ್ಷರ ದುಂಡಗಿಲ್ಲ ಎನ್ನುವುದಕ್ಕೂ ಲೆಕ್ಕವೇ ತಪ್ಪು ಎನ್ನುವುದಕ್ಕೂ ವ್ಯತ್ಯಾಸವಿದೆ. ಈ ಗದ್ದಲದ ನಡುವೆ ಕೆಲವರು ಲೆಕ್ಕದ ತಪ್ಪನ್ನೇ ತೋರಿಸಿದ್ದರು, ಅವರ ಮಾತೂ ಮುಳುಗಿಹೋಯಿತು. ‘ಡಿಸ್ಕವರಿ’ಯ ಒಂದೊಂದು ಸರಣಿಯೂ ಒಂದೇ ದೊಡ್ಡ ಕಥೆ, ಗಂಡಾಂತರವೂ ಅಷ್ಟೇ ದೊಡ್ಡದು. ಸಣ್ಣ ಪ್ರಶ್ನೆಗೆ, ಸಣ್ಣ ಮನುಷ್ಯರಿಗೆ ಅಲ್ಲಿ ಜಾಗ ಕಡಿಮೆ. 2024ರಲ್ಲಿ ಮುಗಿಯುವ ಹೊತ್ತಿಗೆ ಐದು ಸರಣಿ, 65 ಕಂತು. ಇಷ್ಟೆಲ್ಲ ನೋಡಿದ ಮೇಲೂ ನೌಕೆ ನಡೆಸುವ ಡೆಟ್ಮರ್ ಎಂಬಾಕೆಯ ಬಗ್ಗೆ ನಮಗೆ ತಿಳಿದದ್ದು ಬೆರಳೆಣಿಕೆಯಷ್ಟು. ಬರ್ನಮ್ ಅತ್ತದ್ದು ತಪ್ಪಲ್ಲ. ಹಡಗು ಒಡೆಯುವ ಗಳಿಗೆಯಲ್ಲೂ ಎಲ್ಲರೂ ನಿಂತು ಮನಸ್ಸು ಬಿಚ್ಚಿ ಮಾತಾಡುವುದು ತಪ್ಪು. ವಾದ ಇರಬೇಕಾದ ಕಡೆ ಬರೀ ಭಾವನೆ ತುಂಬಿದೆ.

‘ನೆಕ್ಸ್ಟ್ ಜನರೇಷನ್’ನ 1989ರ ಒಂದು ಕಂತಿದೆ, ‘ದಿ ಮೆಷರ್ ಆಫ್ ಎ ಮ್ಯಾನ್’. ಡೇಟಾ ಎಂಬ ಯಂತ್ರಮಾನವನನ್ನು ಬಿಚ್ಚಿ ಪರೀಕ್ಷಿಸಬೇಕೆಂದು ಒಬ್ಬ ವಿಜ್ಞಾನಿಯ ಹಟ. ಡೇಟಾ ಒಲ್ಲೆ ಎನ್ನುತ್ತಾನೆ. ಅವನು ಸರಕಾರಿ ಸ್ವತ್ತೋ, ತನ್ನ ಇಷ್ಟದಂತೆ ಬಾಳುವ ಹಕ್ಕುಳ್ಳವನೋ ಎಂದು ವಿಚಾರಣೆ. ಅವನ ವಿರುದ್ಧ ವಾದಿಸುವ ಕೆಲಸ ಅವನ ಗೆಳೆಯ ರೈಕರ್‌ನ ತಲೆಗೇ ಬರುತ್ತದೆ. ಯುದ್ಧವಿಲ್ಲ, ಸ್ಫೋಟವಿಲ್ಲ, ಒಂದು ಕೋಣೆ, ನಾಲ್ಕು ಜನ ಮಾತಾಡುತ್ತಾರೆ. ಹಳಬರು ಹಂಬಲಿಸುತ್ತಿದ್ದದ್ದು ಇದಕ್ಕೆ. ಹಾಗೆಂದು ಬಿಡಿಸಿ ಹೇಳದೆ ಬರ್ನಮ್‌ಳ ಕಣ್ಣೀರಿನ ಲೆಕ್ಕ ಹಿಡಿದು ಕೂತರು.

2022ರಲ್ಲಿ ಶುರುವಾದ ‘ಸ್ಟ್ರೇಂಜ್ ನ್ಯೂ ವರ್ಲ್ಡ್ಸ್’ ಕಂತಿಗೊಂದು ಕಥೆಯ ಹಳೆಯ ಪದ್ಧತಿಗೆ ಮರಳಿತು, ಅಭಿಮಾನಿಗಳೂ ಸಮಾಧಾನಗೊಂಡರು. 2023ರಲ್ಲಿ ಅದರಲ್ಲೂ ಒಂದು ವಿಚಾರಣೆ ಬಂತು. ತನ್ನ ಕುಲವನ್ನು ಮುಚ್ಚಿಟ್ಟು ನೌಕರಿಗೆ ಸೇರಿದ ಉನಾ ಎಂಬ ಅಧಿಕಾರಿಣಿ ಕಟಕಟೆಯಲ್ಲಿ. ಅವಳ ವಕೀಲೆಯೂ ಅದೇ ಕುಲದವಳು, ಹಳೆಯ ಗೆಳತಿ, ಆದರೆ ಮನಸ್ಸು ಮುರಿದಿದೆ. ಇಬ್ಬರ ನಡುವಿನ ಆ ಬಿಗುವನ್ನು ಯಾರೂ ಅತ್ತು ಕರೆದು ವಿವರಿಸುವುದಿಲ್ಲ. ಪ್ರಶ್ನೆ ಉತ್ತರಗಳಲ್ಲೇ ಕಾಣುತ್ತದೆ. ಉನಾ ಬಿಡುಗಡೆಯಾಗುತ್ತಾಳೆ. ಅವಳ ಕುಲವನ್ನು ಹೊರಗಿಟ್ಟ ಕಾನೂನು ಮಾತ್ರ ಹಾಗೆಯೇ ಉಳಿಯುತ್ತದೆ.